ಓದುಗರ ಪ್ರಶ್ನೆ, ನಮ್ಮ ಉತ್ತರ: ಘಟ್ಟದ ದಾರಿಯಲ್ಲಿ ಇಟಲಿಯ ಹಳೆಯ ಕಾರುಗಳು

ಹಳೆಯ ಕಾರುಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡ ಜಿಲ್ಲೆಯವು, ಅವುಗಳಲ್ಲಿಯೂ ಹೆಚ್ಚಿನವು ಫಿಯೆಟ್ ಕಾರನ್ನು ಕುರಿತವು. ಕೆಲವರು ಹೆಸರು ಪ್ರಕಟಿಸುವುದು ಬೇಡವೆಂದು ಬರೆದಿರುವುದರಿಂದ ಎಲ್ಲರ ಊರನ್ನಷ್ಟೇ ಕೊಟ್ಟಿದ್ದೇವೆ. ಉತ್ತರ ಬರೆಯುತ್ತಿರುವ ನಾನು ಶಿರಸಿಯವನು. ನನ್ನ ದೊಡ್ಡಪ್ಪನಿಂದ ಬಂದ ಪದ್ಮಿನಿಯನ್ನು, ಅಂದರೆ ನಮ್ಮ ದೇಶದಲ್ಲಿ ತಯಾರಾದ ಫಿಯೆಟ್ 1100 ಕಾರನ್ನು, ಮೂವತ್ತು ವರ್ಷಗಳಿಂದ ಓಡಿಸುತ್ತಿದ್ದೇನೆ, ಅದರ ರಿಪೇರಿಯನ್ನೂ ಬಹುಮಟ್ಟಿಗೆ ನಾನೇ ಮಾಡಿಕೊಳ್ಳುತ್ತೇನೆ.

ಸಿದ್ದಾಪುರ ತಾಲೂಕಿನ ಓದುಗರು: ಫಸಲು ಚೆನ್ನಾಗಿ ಬಂದ ವರ್ಷ ನಮ್ಮ ಅಪ್ಪಯ್ಯ ಕೊಂಡ 1976ರ ಪ್ರೀಮಿಯರ್ ಪದ್ಮಿನಿ ಈಗ ಹನ್ನೊಂದು ವರ್ಷಗಳಿಂದ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ತಮ್ಮ ಗುಜರಿಗೆ ಕೊಡೋಣ ಎನ್ನುತ್ತಾನೆ. ಇದು ಇಟಲಿಯ ಕಾರು ಎಂದು ನಾನು ಹೇಳಿದರೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಕುರ್ಲಾದಲ್ಲಿ ತಯಾರಾಗಿ ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ಓಡಿದ ಗಾಡಿಯನ್ನು ಇಟಲಿಯ ಕ್ಲಾಸಿಕ್ ಕಾರೆಂದು ಕರೆಯುವುದು ಸರಿಯೇ?

ಉತ್ತರ: ಸರಿ. ನಗುವವರನ್ನು ಕರೆದು ಬಾನೆಟ್ ಎತ್ತಿ ತೋರಿಸಿ. ಒಳಗಿರುವ ನಾಲ್ಕು ಸಿಲಿಂಡರಿನ 1089 ಸಿ.ಸಿ. ಎಂಜಿನ್, 68 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳಗಿನ ಅಗಲ) ಮತ್ತು 75 ಮಿಲಿಮೀಟರ್ ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಅದೇ ಅಳತೆಯಲ್ಲಿ, 1937ರಲ್ಲಿ ಟ್ಯೂರಿನ್ ನಗರದಿಂದ ಹೊರಬಂದ ಫಿಯೆಟ್ 508 ಸಿ ಕಾರಿನಲ್ಲಿಯೂ ಇತ್ತು. ಆ ಕಾರನ್ನು ರೂಪಿಸಿದವರು ದಾಂತೆ ಜಾಕೋಸಾ. ಅದಕ್ಕೂ ಒಂದು ವರ್ಷ ಮೊದಲು 'ಟೊಪೊಲಿನೊ' ಎಂಬ ಪುಟ್ಟ ಫಿಯೆಟ್ 500 ಕಾರನ್ನು, ಮುಂದೆ 1957ರಲ್ಲಿ ಇಟಲಿಯ ಗಲ್ಲಿಗಲ್ಲಿಗಳನ್ನು ತುಂಬಿದ ಎರಡು ಸಿಲಿಂಡರಿನ ಹೊಸ 500 ಕಾರನ್ನು ರೂಪಿಸಿದವರೂ ಅವರೇ.

ಈ ಎಂಜಿನ್ನಿನ ನೆಂಟಸ್ತಿಕೆ ಎಲ್ಲಿಯವರೆಗೆ ಇದೆಯೆಂಬುದನ್ನು ನಿಮ್ಮ ತಮ್ಮನಿಗೆ ಅವಶ್ಯವಾಗಿ ಹೇಳಿ. ಎಂಝೊ ಫೆರಾರಿ ಆಲ್ಫಾ ರೋಮಿಯೋ ಕಂಪನಿಯನ್ನು ಬಿಟ್ಟಾಗ, ಕೆಲವು ವರ್ಷ ತಮ್ಮ ಹೆಸರಿನಲ್ಲಿ ರೇಸಿನ ಕಾರನ್ನು ಇಳಿಸಬಾರದೆಂಬ ಕರಾರಿಗೆ ಒಳಗಾಗಿದ್ದರು. ಹಾಗಾಗಿ ಇಟಲಿಯ ರಸ್ತೆಗಳಲ್ಲಿ ನಡೆಯುತ್ತಿದ್ದ ಮಿಲ್ಲೆ ಮಿಲಿಯಾ ಎಂಬ ಕಾರ್ ರೇಸಿನ 1940ರ ಸ್ಪರ್ಧೆಗೆ ಅವರು ಸಿದ್ಧಪಡಿಸಿದ ಮೊದಲ ಕಾರಿಗೆ 'ಫೆರಾರಿ' ಎಂಬ ಹೆಸರಿರಲಿಲ್ಲ. ಅದನ್ನು '815' ಎಂದು ಕರೆದರು, ಅಂದರೆ ಎಂಟು ಸಿಲಿಂಡರು, ಒಂದೂವರೆ ಲೀಟರು. ಆ ಎಂಟು ಸಿಲಿಂಡರಿನ ಎಂಜಿನ್ನನ್ನು ಕಟ್ಟುವಾಗ ಫಿಯೆಟ್ 508 ಸಿ ಕಾರಿನ ಎರಡು ಸಿಲಿಂಡರ್ ಹೆಡ್ಡುಗಳನ್ನು (ಸಿಲಿಂಡರುಗಳ ಮೇಲಿನ ಮುಚ್ಚಳಗಳನ್ನು) ಒಂದರ ಹಿಂದೆ ಒಂದು ಕೂರಿಸಿದ್ದರು. ಸ್ಪರ್ಧೆಗೆ ಇಳಿದ ಎರಡು ಕಾರುಗಳೂ ಗುರಿ ಮುಟ್ಟಲಿಲ್ಲ. ಆದರೂ ಫೆರಾರಿಯವರ ಕತೆ ಶುರುವಾದದ್ದು ನಿಮ್ಮ ಶೆಡ್ಡಿನಲ್ಲಿರುವ ಎಂಜಿನ್ನಿನ ದಾಯಾದಿಯಿಂದಲೇ. ಯುದ್ಧ ಮುಗಿದ ಮೇಲೆ, 1947ರಲ್ಲಿ, ಟ್ಯೂರಿನ್ನಿನ ಚಿಸಿಟಾಲಿಯಾ ಎಂಬ ಸಣ್ಣ ಕಂಪನಿಯು ಇದೇ ಫಿಯೆಟ್ 1100 ಎಂಜಿನ್ನನ್ನು ಹದಮಾಡಿ ತನ್ನ '202' ಮಾದರಿಗೆ ಅಳವಡಿಸಿತು. ಆ ವರ್ಷದ ಮಿಲ್ಲೆ ಮಿಲಿಯಾದಲ್ಲಿ ಇಟಲಿಯ ಹೆಸರಾಂತ ರೇಸ್ ಚಾಲಕ ತಾಝಿಯೊ ನುವೊಲಾರಿ ಅಂಥದೊಂದು ಕಾರನ್ನು ಓಡಿಸಿ, ತನಗಿಂತ ಎಷ್ಟೋ ದೊಡ್ಡ ಎಂಜಿನ್ನಿನ ಕಾರುಗಳನ್ನು ಹಿಂದಿಕ್ಕಿ, ಎರಡನೆಯ ಸ್ಥಾನ ಪಡೆದರು. ವಿನ್ಯಾಸ ಸಂಸ್ಥೆ ಪಿನಿನ್ ಫರೀನಾ ಮೈ ರೂಪಿಸಿದ, ಎರಡು ಬಾಗಿಲಿನ '202' ಕೂಪೆಯೊಂದು ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ನಿಮ್ಮ ಕಾರಿನ ಮೈಯ ಮೂಲವು 1953ರ ಫಿಯೆಟ್ 1100 ಮಾದರಿ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯು ಆ ಕಾರನ್ನು ಮುಂಬಯಿಯಲ್ಲಿ ಕಟ್ಟತೊಡಗಿತು, ಮತ್ತು 1974ರಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಇಟಲಿಯಲ್ಲಿ 1969ರಲ್ಲಿಯೇ ನಿಂತುಹೋದ ಮಾದರಿಯು ನಮ್ಮಲ್ಲಿ ಶತಮಾನದ ಕೊನೆಯವರೆಗೂ ತಯಾರಾಗುತ್ತಿತ್ತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಅವಧಿ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಟ್ಯಾಕ್ಸಿಯಾಗಿ ದುಡಿದದ್ದು ಅದರ ಘನತೆಗೆ ಕುಂದಲ್ಲ. ದಿನಕ್ಕೆ ಹದಿನಾರು ಗಂಟೆ ಓಡಿಯೂ ನಿಲ್ಲದಷ್ಟು ಸರಳವಾಗಿ ಜಾಕೋಸಾ ಅದನ್ನು ಯೋಚಿಸಿದ್ದರು. ಗುಜರಿಗೆ ಕೊಡಬೇಡಿ. ಸದ್ಯಕ್ಕೆ ಅದನ್ನು ಕೊಟ್ಟಿಗೆಯ ಪಕ್ಕದಿಂದ ತೆಗೆದರೆ ಸಾಕು. ಗೊಬ್ಬರ ಮತ್ತು ಗಂಜಲದಿಂದ ಏಳುವ ಅಮೋನಿಯಾ ಹಬೆಯು ತಾಮ್ರ, ಹಿತ್ತಾಳೆಯ ಭಾಗಗಳನ್ನೂ ವೈರಿನ ತುದಿಗಳನ್ನೂ ತಿನ್ನುತ್ತದೆ. ಹನ್ನೊಂದು ವರ್ಷ ನಿಂತ ಎಂಜಿನ್ನಿಗೆ ನೇರವಾಗಿ ಸ್ಟಾರ್ಟರ್ ಕೊಡಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ಕಾದು, ಮೊದಲು ಕೈಯಿಂದ ತಿರುಗಿಸಿ ನೋಡಿ.

ಅಂಕೋಲೆಯ ಓದುಗರು: ಆಲ್ಫಾ ರೋಮಿಯೋ, ಲಾನ್ಸಿಯಾ ಮುಂತಾದ ಕಾರುಗಳ ಚಿತ್ರಗಳನ್ನು ಚಿಕ್ಕಂದಿನಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅವುಗಳಲ್ಲಿ ಕುಳಿತುಕೊಳ್ಳುವ ಯೋಗವಂತೂ ಬಂದಿಲ್ಲ. ಜರ್ಮನಿ, ಇಂಗ್ಲೆಂಡಿನ ಹಳೆಯ ಕಾರುಗಳಿಗೂ ಇವುಗಳಿಗೂ ನಿಜವಾದ ವ್ಯತ್ಯಾಸವೇನು?

ಉತ್ತರ: ಕಾರು ಹುಟ್ಟಿದ ನೆಲವನ್ನು ನೋಡಿದರೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ನೀವಿರುವ ಅಂಕೋಲೆಯನ್ನೇ ತೆಗೆದುಕೊಳ್ಳಿ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಒಂದಿಷ್ಟು ಗದ್ದೆ ಬಯಲು, ಅದು ಮುಗಿಯುತ್ತಿದ್ದಂತೆ ಅರಬೈಲ್ ಘಟ್ಟ. ಇಟಲಿಯ ಬಹುಭಾಗವೂ ಹೀಗೆಯೇ ಇದೆ. ದೇಶದ ಉದ್ದಕ್ಕೂ ಅಪೆನೈನ್ ಪರ್ವತಸಾಲು, ಎರಡೂ ಬದಿಗೆ ಇಕ್ಕಟ್ಟಾದ ಕರಾವಳಿ. ಮಿಲಾನಿನಿಂದ ನೇಪಲ್ಸಿಗೆ ಹೋಗುವ ದೊಡ್ಡ ಹೆದ್ದಾರಿಯ ಬೊಲೊನ್ಯಾ-ಫ್ಲಾರೆನ್ಸ್ ಭಾಗ 1960ರ ಕೊನೆಗೆ ತೆರೆಯುವವರೆಗೆ ಬೊಲೊನ್ಯಾದಿಂದ ಫ್ಲಾರೆನ್ಸಿಗೆ ಹೋಗುವವರು 900 ಮೀಟರ್ ಎತ್ತರದ ಫುತಾ ಕಣಿವೆದಾರಿಯ ತಿರುವುಗಳನ್ನು ಹತ್ತಿ ಇಳಿಯಬೇಕಾಗಿತ್ತು. ಮಿಲ್ಲೆ ಮಿಲಿಯಾ ಸ್ಪರ್ಧೆಯೂ ಆ ದಾರಿಯಲ್ಲಿ ಸಾಗುತ್ತಿತ್ತು. ಅದರ ಜೊತೆಗೆ ಪೆಟ್ರೋಲು ದುಬಾರಿ, ಮತ್ತು ಕಾರಿನ ತೆರಿಗೆಯನ್ನು ಎಂಜಿನ್ನಿನ ಗಾತ್ರದ ಮೇಲೆ ಲೆಕ್ಕ ಹಾಕುತ್ತಿದ್ದರು. ಹೀಗಾಗಿ ಅಮೆರಿಕದವರಂತೆ ದೊಡ್ಡ ಎಂಜಿನ್ ಹಾಕಿ ಸುಮ್ಮನಿರುವಂತಿರಲಿಲ್ಲ. ಎಂಜಿನ್ ಸಣ್ಣದಿರಬೇಕು, ಅದು ಬೇಸರವಿಲ್ಲದೆ ವೇಗವಾಗಿ ತಿರುಗಬೇಕು, ಗಾಡಿ ಹಗುರವಾಗಿದ್ದು ತಿರುವಿನಲ್ಲಿ ಮಾತು ಕೇಳಬೇಕು. ಇಟಲಿಯ ಕಾರಿನ ಗುಣವೆಂದು ನಾವು ಮೆಚ್ಚುವುದೆಲ್ಲ ಈ ಇಕ್ಕಟ್ಟಿನಿಂದ ಬಂದದ್ದು.

1962ರ ಆಲ್ಫಾ ರೋಮಿಯೋ ಜ್ಯೂಲಿಯಾ ನನ್ನ ಮೆಚ್ಚಿನ ಉದಾಹರಣೆ. ಹೊರಗಿನಿಂದ ಅದು ನಾಲ್ಕು ಬಾಗಿಲಿನ, ರಟ್ಟಿನ ಪೆಟ್ಟಿಗೆಯಂಥ ಸಂಸಾರಿಗರ ಕಾರು. ಒಳಗೆ 1570 ಸಿ.ಸಿ.ಯ, ವಾಲ್ವುಗಳನ್ನು ತೆರೆಯುವ ಎರಡು ಕ್ಯಾಮ್‌ಶಾಫ್ಟ್ ತಲೆಯ ಮೇಲೆಯೇ ಇರುವ ಅಲ್ಯೂಮಿನಿಯಂ ಎಂಜಿನ್, ಮತ್ತು ಐದು ಗೇರು. ನಮ್ಮ ರಸ್ತೆಗಳಿಗೆ ಐದು ಗೇರಿನ ಕಾರು ಬರಲು ಅದಾದ ಮೇಲೆ ಎರಡು ದಶಕಗಳೇ ಬೇಕಾದವು. ಮೂಲೆಗಳು ಚೌಕವಾಗಿ ಕಂಡರೂ ಗಾಳಿಯನ್ನು ಸೀಳುವುದರಲ್ಲಿ ಅದು ಆ ಕಾಲದ ಎಷ್ಟೋ ಸ್ಪೋರ್ಟ್ಸ್ ಕಾರುಗಳಿಗಿಂತ ಮುಂದಿತ್ತು. ಇಟಲಿಯ ಪೊಲೀಸರೂ ಅದನ್ನೇ ಬಳಸುತ್ತಿದ್ದರು. ಆರಂಭದ ಜ್ಯೂಲಿಯಾಗಳಲ್ಲಿ ಗೇರಿನ ಹಿಡಿ ಸ್ಟೇರಿಂಗಿನ ಬುಡದಲ್ಲಿಯೇ ಇತ್ತೆಂಬುದು ನಮ್ಮ ಪದ್ಮಿನಿಯವರಿಗೆ ಹೆಮ್ಮೆಯ ಸಂಗತಿ.

ಲಾನ್ಸಿಯಾದ್ದು ಇನ್ನೊಂದು ದಾರಿ. ವಿನ್ಸೆನ್ಸೊ ಲಾನ್ಸಿಯಾ 1922ರಲ್ಲಿ ಹೊರತಂದ 'ಲಾಂಬ್ಡಾ' ಕಾರಿಗೆ ಬೇರೆಯಾದ ಚಾಸಿ (ಅಡಿಯ ಚೌಕಟ್ಟು) ಇರಲಿಲ್ಲ; ಕಾರಿನ ಮೈಯೇ ಭಾರ ಹೊರುತ್ತಿತ್ತು. ಹಡಗಿನ ಒಡಲನ್ನು ನೋಡಿ ಅವರಿಗೆ ಈ ವಿಚಾರ ಹೊಳೆಯಿತೆಂದು ಹೇಳುತ್ತಾರೆ. ಮುಂದಿನ ಎರಡು ಗಾಲಿಗಳು ಒಂದನ್ನೊಂದು ಅವಲಂಬಿಸದೆ ಏಳುವ ಇಳಿಯುವ ಏರ್ಪಾಡು ಕೂಡ ಆ ಕಾರಿನಲ್ಲಿತ್ತು. ದೋಣಿ ಕಟ್ಟುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ನಿಮಗೆ ಆಲ್ಫಾ ಸಿಗದಿದ್ದರೂ ನಷ್ಟವಿಲ್ಲ. ಚೆನ್ನಾಗಿ ಇಟ್ಟುಕೊಂಡ ಒಂದು ಪದ್ಮಿನಿಯನ್ನು ಬೆಳಗಿನ ಆರು ಗಂಟೆಗೆ, ಲಾರಿಗಳ ಸಾಲು ಶುರುವಾಗುವ ಮೊದಲು, ಘಟ್ಟಕ್ಕೆ ಹತ್ತಿಸಿ ನೋಡಿ.

ಹೊನ್ನಾವರದ ಓದುಗರು: ನಾನು ಇಪ್ಪತ್ತಾರರ ಹುಡುಗಿ. ಹೊಸ ಕಾರಿನಲ್ಲಿ ಡ್ರೈವಿಂಗ್ ಕಲಿತು ಮೂರು ವರ್ಷವಾಯಿತು. ಅಪ್ಪನ ಫಿಯೆಟ್ ಓಡಿಸಲು ಹೋದರೆ ಗೇರು ಕಿರ್ರೆನ್ನುತ್ತದೆ, ಸ್ಟೇರಿಂಗ್ ಕಲ್ಲಿನ ಹಾಗೆ ಕೂತಿರುತ್ತದೆ, ಏರಿನಲ್ಲಿ ಗಾಡಿ ಉಸಿರುಕಟ್ಟುತ್ತದೆ. 'ನಿನಗೆ ಬಗ್ಗುವುದಿಲ್ಲ ಬಿಡು' ಎಂದು ಅಪ್ಪ ಕೀಲಿ ಇಸಿದುಕೊಳ್ಳುತ್ತಾರೆ. ದೇವಿಮನೆ ಘಟ್ಟದಲ್ಲಿ ನಾನೊಬ್ಬಳೇ ಅದನ್ನು ಓಡಿಸಬೇಕೆಂಬ ಆಸೆ ಇದೆ. ಹೇಗೆ ಕಲಿಯಲಿ?

ಉತ್ತರ: ನಿಮ್ಮ ಪತ್ರಕ್ಕೆ ಎಲ್ಲಕ್ಕಿಂತ ಉದ್ದವಾದ ಉತ್ತರ ಬರೆಯುತ್ತಿದ್ದೇನೆ, ಏಕೆಂದರೆ ಈ ಕಾರುಗಳ ಮುಂದಿನ ಆಯುಷ್ಯ ನಿಮ್ಮ ವಯಸ್ಸಿನವರ ಕೈಯಲ್ಲಿದೆ.

ಮೊದಲು ಕಿರ್ರೆನ್ನುವ ಶಬ್ದದ ವಿಚಾರ. ಫಿಯೆಟ್ 1100 ಕಾರಿನ ನಾಲ್ಕು ಗೇರುಗಳಲ್ಲಿ ಎರಡು, ಮೂರು ಮತ್ತು ನಾಲ್ಕಕ್ಕೆ ಮಾತ್ರ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊಮೆಶ್ ಇದೆ, ಮೊದಲನೆಯದಕ್ಕೆ ಇಲ್ಲ. ಹೊಸ ಕಾರಿನಲ್ಲಿ ಎಲ್ಲ ಗೇರುಗಳಿಗೂ ಆ ಕೆಲಸವನ್ನು ಗೇರ್ ಪೆಟ್ಟಿಗೆಯೇ ಮಾಡುತ್ತದೆ. ಇಲ್ಲಿ ಮೊದಲನೆಯ ಗೇರಿನ ಮಟ್ಟಿಗೆ ಅದನ್ನು ನೀವು ಮಾಡಬೇಕು. ಗಾಡಿ ಚಲಿಸುತ್ತಿರುವಾಗ ಎರಡರಿಂದ ಒಂದಕ್ಕೆ ಬರಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಆಕ್ಸಿಲರೇಟರನ್ನು ಒಮ್ಮೆ ಚಿಕ್ಕದಾಗಿ ತುಳಿದು ಎಂಜಿನ್ ಏರುವಂತೆ ಮಾಡಿ, ಮತ್ತೆ ಕ್ಲಚ್ ಒತ್ತಿ ಒಂದಕ್ಕೆ ಹಾಕಿ. ಓದುವಾಗ ದೀರ್ಘವೆನಿಸುವ ಈ ಕ್ರಮ ರೂಢಿಯಾದ ಮೇಲೆ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಸರಿಯಾದ ವೇಗ ಕೂಡಿದಾಗ ಹಿಡಿಯು ಬೆಣ್ಣೆಯಲ್ಲಿ ಚಾಕು ಇಳಿದಂತೆ ತಾನಾಗಿ ಇಳಿಯುತ್ತದೆ. ಕೂಡದಿದ್ದರೆ ಒತ್ತಾಯ ಮಾಡಬೇಡಿ, ಗಾಡಿ ನಿಲ್ಲಿಸಿ ಹಾಕಿ.

ನನ್ನ ದೊಡ್ಡಪ್ಪ ನನಗೆ ಕಲಿಸಿದ ರೀತಿಯನ್ನು ನೀವೂ ಪ್ರಯತ್ನಿಸಬಹುದು. ನಮ್ಮ ಹ್ಯಾಂಡ್ ಗೇರಿನ ಹಿಡಿ ಸ್ಟೇರಿಂಗಿನ ಎಡಕ್ಕೆ ಇರುವುದರಿಂದ, ಮುಂದಿನ ಸೀಟಿನಲ್ಲಿ ಪಕ್ಕಕ್ಕೆ ಕುಳಿತವರ ಕೈಗೂ ಅದು ಎಟುಕುತ್ತದೆ. ಮೊದಲ ವಾರ ಅವರು ನನಗೆ ಗೇರು ಮುಟ್ಟಲು ಕೊಡಲಿಲ್ಲ. ನಾನು ಸ್ಟೇರಿಂಗ್ ಹಿಡಿದು, ಎಂಜಿನ್ನಿನ ಸದ್ದು ಕೇಳಿ, ಸಮಯ ಬಂತೆನಿಸಿದಾಗ 'ಹೂಂ' ಎಂದು ಕ್ಲಚ್ ಒತ್ತಬೇಕು. ಅವರು ಬಲಗೈಯಿಂದ ಗೇರು ಹಾಕುತ್ತಿದ್ದರು. ನನ್ನ 'ಹೂಂ' ಬೇಗ ಬಂದರೆ ಅಥವಾ ತಡವಾದರೆ ಅವರ ಕೈ ಕದಲುತ್ತಿರಲಿಲ್ಲ. ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ಎಂಟು ದಿನ ಹೀಗೆ ಓಡಾಡಿದ ಮೇಲೆ ಹಿಡಿಯನ್ನು ನನಗೆ ಬಿಟ್ಟುಕೊಟ್ಟರು. ಅಷ್ಟರಲ್ಲಿ ಎಂಜಿನ್ ಯಾವಾಗ ಏನು ಬೇಡುತ್ತದೆಂಬುದು ನನ್ನ ಕಿವಿಗೆ ಹತ್ತಿತ್ತು. ನಿಮ್ಮ ಅಪ್ಪನನ್ನು ಎಡಗಡೆ ಕೂರಿಸಿಕೊಂಡು ಇದನ್ನೇ ಮಾಡಿ. ಅವರಿಗೂ ಕೀಲಿ ಕೊಡುವ ಧೈರ್ಯ ಬಂದೀತು.

ಸ್ಟೇರಿಂಗಿಗೆ ಪವರ್ ಇಲ್ಲ, ಆದ್ದರಿಂದ ನಿಂತ ಗಾಡಿಯಲ್ಲಿ ಅದನ್ನು ತಿರುಗಿಸಲು ಹೋಗಲೇಬೇಡಿ. ಗಾಲಿ ಒಂದು ಗೇಣು ಉರುಳತೊಡಗಲಿ, ಆಮೇಲೆ ತಿರುಗಿಸಿ, ಕೈಗೆ ಬರುತ್ತದೆ. ವೇಗ ಬಂದ ಮೇಲೆ ಅದು ಹಗುರಾಗುತ್ತದೆ, ಮತ್ತು ಮುಂದಿನ ಗಾಲಿಗಳು ಜಲ್ಲಿಯ ಮೇಲಿವೆಯೋ ಒದ್ದೆ ಡಾಂಬರಿನ ಮೇಲಿವೆಯೋ ಎಂಬುದು ಅಂಗೈಗೆ ತಿಳಿಯುತ್ತದೆ. ಹೊಸ ಕಾರುಗಳಲ್ಲಿ ಕಳೆದುಹೋಗಿರುವ ಸುಖ ಇದು, ಮತ್ತು ಇದಕ್ಕಾಗಿಯೇ ನಾನು ಇಂದಿಗೂ ಈ ಗಾಡಿಯನ್ನು ಬಿಟ್ಟಿಲ್ಲ. ಆದರೂ ಕಲ್ಲಿನಷ್ಟು ಗಟ್ಟಿಯಿದ್ದರೆ ಮುಂದಿನ ಗಾಲಿಗಳು ತಿರುಗುವ ಕಿಂಗ್ ಪಿನ್ನುಗಳಿಗೆ ಗ್ರೀಸ್ ಹೊಡೆದು ಎಷ್ಟು ದಿನವಾಯಿತೆಂದು ಅಪ್ಪನನ್ನು ಕೇಳಿ, ಟಯರಿನ ಗಾಳಿಯನ್ನೂ ನೋಡಿಸಿ.

ಇನ್ನು ಏರು. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರು. ಸಮುದ್ರಮಟ್ಟದಿಂದ ಹೊರಟ ನೀವು 600 ಮೀಟರಿಗೆ ಹತ್ತಿರದ ಎತ್ತರವನ್ನು ಮುಟ್ಟುತ್ತೀರಿ, ಆ ಏರಿನ ಬಹುಪಾಲು ಘಟ್ಟದಲ್ಲಿಯೇ ಇದೆ. ನಿಮ್ಮ ಗಾಡಿಯ ಶಕ್ತಿ 40 ಅಶ್ವಶಕ್ತಿಯ ಆಸುಪಾಸು, ಅದೂ ಎಂಜಿನ್ ಚೆನ್ನಾಗಿ ತಿರುಗುತ್ತಿರುವಾಗ ಮಾತ್ರ. ಹೊಸ ಕಾರಿನ ರೂಢಿಯಲ್ಲಿ ನೀವು ಮೂರನೆಯ ಗೇರಿನಲ್ಲಿಯೇ ಎಳೆಸಲು ನೋಡುತ್ತೀರಿ, ಅದಕ್ಕೇ ಉಸಿರುಕಟ್ಟುತ್ತದೆ. ತಿರುವಿಗೆ ಮೊದಲೇ ಎರಡಕ್ಕೆ ಇಳಿಸಿ, ಎಂಜಿನ್ ಹಾಡಲಿ. ಸದ್ದು ಹೆಚ್ಚಾಯಿತೆಂದು ಹೆದರಬೇಡಿ, ಸಣ್ಣ ಎಂಜಿನ್ನಿಗೆ ತಿರುಗಿದರೆ ಸುಸ್ತಾಗುವುದಿಲ್ಲ, ತಿಣುಕಿದರೆ ಆಗುತ್ತದೆ. ಇಳಿಯುವಾಗಲೂ ಹತ್ತಿದ ಗೇರಿನಲ್ಲಿಯೇ ಇಳಿಯಿರಿ. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್ ಇರುವ ಗಾಡಿ ಇದು. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು, ಲೈನಿಂಗಿನ ಸುಟ್ಟ ವಾಸನೆ ಬಂದು, ಪೆಡಲ್ ಒತ್ತಿದರೂ ಗಾಡಿ ನಿಲ್ಲದ ಸ್ಥಿತಿ ಬರುತ್ತದೆ. ಮಳೆಗಾಲದಲ್ಲಿ ರಸ್ತೆಗೆ ಹರಿದ ಹಳ್ಳದ ನೀರನ್ನು ದಾಟಿದ ಮೇಲೆ ನಿಧಾನವಾಗಿ ಹೋಗುತ್ತಲೇ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ, ಇಲ್ಲದಿದ್ದರೆ ಮುಂದಿನ ತಿರುವಿನಲ್ಲಿ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಒಂದು ಅನುಭವ ಹೇಳುತ್ತೇನೆ. ಒಂದು ಏಪ್ರಿಲ್ ತಿಂಗಳು, ಮಧ್ಯಾಹ್ನ, ಮುಂಜಿ ಮನೆಯಿಂದ ಆರು ಜನರನ್ನು ತುಂಬಿಕೊಂಡು ದೇವಿಮನೆ ಘಟ್ಟ ಹತ್ತುತ್ತಿದ್ದೆ. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಪ್ಲಗ್ಗಿನಲ್ಲಿ ಕಿಡಿ ಇತ್ತು, ಟ್ಯಾಂಕಿನಲ್ಲಿ ಪೆಟ್ರೋಲಿತ್ತು, ಕಾರ್ಬುರೇಟರಿಗೆ ಮಾತ್ರ ಒಂದು ಹನಿಯೂ ಬರುತ್ತಿರಲಿಲ್ಲ. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ, ಅದು ಅತಿಯಾಗಿ ಕಾದಾಗ ಒಳಗಿನ ಪೆಟ್ರೋಲು ಕುದಿದು ಆವಿಯಾಗುತ್ತದೆ, ಪಂಪು ಆ ಆವಿಯನ್ನೇ ಎಳೆಯುತ್ತ ಕೂರುತ್ತದೆ. ಹೆಗಲ ಮೇಲಿದ್ದ ಶಾಲನ್ನು ಲಾರಿಯವರೊಬ್ಬರು ಕೊಟ್ಟ ನೀರಿನಲ್ಲಿ ನೆನೆಸಿ ಪಂಪಿಗೆ ಸುತ್ತಿ, ಬಾನೆಟ್ ತೆರೆದಿಟ್ಟು, ಇಪ್ಪತ್ತು ನಿಮಿಷ ಮರದ ನೆರಳಿನಲ್ಲಿ ಕುಳಿತೆವು. ಆಮೇಲೆ ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು. ಹಿಂದಿನ ವಾರ ಗ್ಯಾರೇಜೊಂದರಲ್ಲಿ ಪೆಟ್ರೋಲ್ ಪೈಪನ್ನು ಬದಲಿಸಿದವರು ಅದನ್ನು ಸೈಲೆನ್ಸರ್ ಪೈಪಿನ ಪಕ್ಕದಲ್ಲಿಯೇ ಎಳೆದಿದ್ದರೆಂಬುದು ಮನೆಗೆ ಬಂದ ಮೇಲೆ ಗೊತ್ತಾಯಿತು. ಘಟ್ಟಕ್ಕೆ ಹೋಗುವ ಮೊದಲು ನೀವೇ ಬಗ್ಗಿ ಆ ಪೈಪಿನ ದಾರಿಯನ್ನು ನೋಡಿಕೊಳ್ಳಿ. ಬಿಸಿಯಾದ ಎಂಜಿನ್ನಿನ ಮೇಲೆ ಮಾತ್ರ ಎಂದಿಗೂ ತಣ್ಣೀರು ಸುರಿಯಬೇಡಿ. ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ. ಅವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗುವುದು ಹೆಚ್ಚಾಗಿ ಇಂಥ ಅವಸರದಿಂದಲೇ.

ಕಾರವಾರದ ಓದುಗರು: ಇಲ್ಲಿಯೇ ಸಮುದ್ರದಂಡೆಯ ಮನೆಯೊಂದರಲ್ಲಿ ಹಳೆಯ ಫಿಯೆಟ್ ಮಾರಾಟಕ್ಕಿದೆ. ಹೊಸ ಪೇಂಟು ಹೊಡೆದು ಥಳಥಳ ಹೊಳೆಯುತ್ತಿದೆ. ಎಂಜಿನ್ ಸದ್ದು ಚೆನ್ನಾಗಿದೆ. ಕೊಳ್ಳಬಹುದೇ?

ಉತ್ತರ: ಎಂಜಿನ್ನಿನ ಚಿಂತೆ ಬಿಡಿ, ಅದನ್ನು ಯಾವಾಗಲಾದರೂ ಸರಿ ಮಾಡಿಸಬಹುದು. ಈ ಕಾರಿಗೆ ಬೇರೆ ಚಾಸಿ ಇಲ್ಲವೆಂಬುದನ್ನು ಮಾತ್ರ ನೆನಪಿಡಿ. ತಗಡಿನ ಮೈಯೇ ಎಲುಬು, ಆದ್ದರಿಂದ ತುಕ್ಕು ಹಿಡಿದರೆ ಅಂದಗೆಡುವುದಷ್ಟೇ ಅಲ್ಲ, ಗಾಡಿಯ ಬಲವೇ ಹೋಗುತ್ತದೆ. ಟ್ಯಾಗೋರ್ ಕಡಲತೀರದ ಕಡೆಯಿಂದ ಬೀಸುವ ಗಾಳಿಯಲ್ಲಿ ಕಿಟಕಿಯ ಸರಳೇ ವರ್ಷಕ್ಕೊಮ್ಮೆ ಬಣ್ಣ ಬೇಡುವ ಊರು ನಿಮ್ಮದು.

ತೆಳು ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾಗಿಲುಗಳ ಕೆಳಗಿನ ಪಟ್ಟಿ, ಗಾಲಿಯ ಕಮಾನಿನ ಅಂಚು, ಹೆಡ್‌ಲೈಟಿನ ಸುತ್ತ ಅದನ್ನು ಸರಿಸುತ್ತ ಬನ್ನಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಹೊಸ ಪೇಂಟಿನ ಕೆಳಗೆ ತಗಡಿಲ್ಲ, ಪುಟ್ಟಿ ಇದೆ. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನು ಎತ್ತಿಸಿ ಅದರ ಕೆಳಗೆ ನೋಡಿ, ಒಳಗಿನ ಮ್ಯಾಟನ್ನು ಎಳೆದು ನೆಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಪಟ್ಟಾ ಸ್ಪ್ರಿಂಗಿನ ತುದಿಗಳು ಮೈಗೆ ಕೂಡುವ ಜಾಗವನ್ನು ಟಾರ್ಚ್ ಹಿಡಿದು ಕೆಳಗಿನಿಂದ ಪರೀಕ್ಷಿಸಿ. ಅಲ್ಲಿ ಪದರ ಪದರವಾಗಿ ತುಕ್ಕು ಏಳುತ್ತಿದ್ದರೆ, ಹೊಳಪಿಗೆ ಮರುಳಾಗದೆ ಮನೆಗೆ ಬನ್ನಿ. ಅದನ್ನು ಸರಿಪಡಿಸುವ ಟಿಂಕರಿಂಗ್ ಕೆಲಸವನ್ನು ತಿಳಿದವರು ಈಗ ಕಡಿಮೆ, ಕೂಲಿಯೂ ಕಾರಿನ ಬೆಲೆಯನ್ನು ಮೀರಬಹುದು.

ಅಲ್ಲೆಲ್ಲ ತಗಡು ಗಟ್ಟಿಯಾಗಿದ್ದರೆ ಧಾರಾಳವಾಗಿ ಕೊಳ್ಳಿ. ಪ್ಲಾಸ್ಟಿಕ್ ತಾಡಪಾಲು ಮಾತ್ರ ಹೊದಿಸಬೇಡಿ. ಉಪ್ಪಿನ ತೇವವನ್ನು ಅದು ಒಳಗೇ ಹಿಡಿದಿಡುತ್ತದೆ. ಹತ್ತಿಯ ಹೊದಿಕೆ ಸಾಕು, ಮಣ್ಣಿನ ನೆಲವಾದರೆ ಗಾಲಿಗಳ ಕೆಳಗೆ ಹಲಗೆ ಇಡಿ. ವಾರಕ್ಕೊಮ್ಮೆ ಸಿಹಿನೀರಿನಿಂದ ಅಡಿಭಾಗವನ್ನು ತೊಳೆದು, ಹದಿನೈದು ಇಪ್ಪತ್ತು ಕಿಲೋಮೀಟರು ಓಡಿಸಿ ಒಣಗಿಸಿ. ಹೀಗೆ ಓಡುವ ಗಾಡಿಯು ಮುಚ್ಚಿಟ್ಟ ಗಾಡಿಗಿಂತ ಹೆಚ್ಚು ಕಾಲ ಬಾಳುತ್ತದೆಂಬುದು ನನ್ನ ಅನುಭವ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ನೋಡಿ.

ಭಟ್ಕಳದ ಓದುಗರು: ಈಗ ಬರುವ ಇ20 ಪೆಟ್ರೋಲು ಹಳೆಯ ಫಿಯೆಟ್‌ಗೆ ಆದೀತೇ?

ಉತ್ತರ: ಎಚ್ಚರಿಕೆಯಿಂದ ಬಳಸಬಹುದು. ಶೇ. 20ರಷ್ಟಿರುವ ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ಹೀಗಾಗಿ ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಎಥೆನಾಲ್ ತಡೆಯುವ ಹೊಸ ರಬ್ಬರಿನವಕ್ಕೆ ಬದಲಿಸಿ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನೂ ಅದು ಎಬ್ಬಿಸುವುದರಿಂದ ಮೊದಲ ಕೆಲವು ತಿಂಗಳು ಫಿಲ್ಟರ್ ಮೇಲೆ ಕಣ್ಣಿರಲಿ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವಕ್ಕೇನೂ ಬರವಿಲ್ಲ. ಎರಡು ಮೂರು ತಿಂಗಳು ಗಾಡಿ ನಿಲ್ಲಿಸುವುದಿದ್ದರೆ ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಿಡಿ. ಏರಿನಲ್ಲಿ ಎಳೆತ ಕಡಿಮೆಯಾಗಿ ಎಂಜಿನ್ ಹೆಚ್ಚು ಕಾಯುತ್ತಿದೆಯೆನಿಸಿದರೆ ಕಾರ್ಬುರೇಟರಿಗೆ ಸ್ವಲ್ಪ ದೊಡ್ಡ ಜೆಟ್ (ಪೆಟ್ರೋಲು ಹಾಯುವ ಸಣ್ಣ ರಂಧ್ರದ ಭಾಗ) ಹಾಕಿಸಿ, ಏಕೆಂದರೆ ಎಥೆನಾಲ್ ಬೆರೆತ ಪೆಟ್ರೋಲು ಅದೇ ಗಾಳಿಗೆ ತುಸು ಹೆಚ್ಚು ಬೇಕಾಗುತ್ತದೆ.

ಶಿರಸಿಯ ಓದುಗರು: ಐವತ್ತು ವರ್ಷ ತುಂಬಿದ ನಮ್ಮ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬೇಕೆ?

ಉತ್ತರ: 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದಿರುವ ಗಾಡಿಗಳಿಗೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ₹20,000 ಶುಲ್ಕ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು ತುಂಬಿಸುವುದು, ರಿಪೇರಿ ಇಂಥವುಗಳಿಗೆ ಬಿಟ್ಟರೆ ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ನಿಮ್ಮ ಕೆಎ 31 ನಂಬರಿನ ಕಾರಿನಲ್ಲಿ ನೀವು ವಾರಕ್ಕೊಮ್ಮೆ ಪೇಟೆಗೆ ಹೋಗುತ್ತೀರೆಂದು ಬರೆದಿದ್ದೀರಿ. ಹಾಗಿದ್ದರೆ ಆ ದಾರಿ ಹಿಡಿಯಬೇಡಿ. ಐದು ವರ್ಷಕ್ಕೊಮ್ಮೆ ಗಾಡಿಯನ್ನು ತಪಾಸಣೆಗೆ ಒಯ್ದು ಮಾಮೂಲು ನೋಂದಣಿಯನ್ನೇ ನವೀಕರಿಸಿಕೊಳ್ಳಿ.

ಯಲ್ಲಾಪುರದ ಓದುಗರು: ಎಂಬತ್ತೊಂದು ವರ್ಷದ ನಮ್ಮ ಅಪ್ಪಯ್ಯನಿಗೆ ಈಗ ಕಣ್ಣು ಮಂಜು, ಗಾಡಿ ಓಡಿಸುವುದನ್ನು ಬಿಟ್ಟಿದ್ದಾರೆ. ತಮ್ಮ ಫಿಯೆಟ್‌ನಲ್ಲಿ ಇನ್ನೊಮ್ಮೆ ಅರಬೈಲ್ ಘಟ್ಟ ಇಳಿದು ಸಮುದ್ರ ನೋಡಬೇಕು ಎನ್ನುತ್ತಿದ್ದಾರೆ. ನಾನು ಓಡಿಸುತ್ತೇನೆ. ಏನೇನು ಸಿದ್ಧತೆ ಬೇಕು?

ಉತ್ತರ: ಕರೆದುಕೊಂಡು ಹೋಗಿ, ಮುಂದೂಡಬೇಡಿ. ಹೊರಡುವ ಹಿಂದಿನ ದಿನ ಬ್ರೇಕ್ ಆಯಿಲಿನ ಮಟ್ಟ ನೋಡಿ, ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿದರೆ ಬ್ರೇಕ್ ಸಿಲಿಂಡರಿನ ವಾಷರ್ ಹೋಗಿದೆ ಎಂದರ್ಥ, ಬದಲಿಸದೆ ಘಟ್ಟ ಇಳಿಯಬಾರದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು ಉಜ್ಜಿ ಸರಿಮಾಡಿ, ಒಂದು ಜೊತೆ ಹೊಸ ಪಾಯಿಂಟ್ ಮತ್ತು ಕಂಡೆನ್ಸರ್ ಜೊತೆಯಲ್ಲಿಟ್ಟುಕೊಳ್ಳಿ. ಫ್ಯಾನ್ ಬೆಲ್ಟ್ ಒಂದು ಹೆಚ್ಚಿಗೆ ಇರಲಿ. ಹಿಂದಿರುಗುವಾಗ ಏರು ಸಿಗುವುದರಿಂದ ಅಂಕೋಲೆಯಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಹೊರಡದೆ ನಾಲ್ಕೂವರೆಯ ಮೇಲೆ ಹೊರಡಿ, ಆದರೆ ಕತ್ತಲಾಗುವ ಮೊದಲು ಘಟ್ಟ ಮುಗಿಸಿ. ಹಳೆಯ ಡೈನಮೊ ಇರುವ ಗಾಡಿಯಾದರೆ ನಿಧಾನದ ಏರಿನಲ್ಲಿ ಹೆಡ್‌ಲೈಟಿಗೆ ಬೇಕಾದಷ್ಟು ಕರೆಂಟನ್ನು ಅದು ಕೊಡಲಾರದು. ಐದು ಲೀಟರಿನ ಕ್ಯಾನಿನಲ್ಲಿ ನೀರು, ಪಂಪಿಗೆ ಸುತ್ತಲು ಒಂದು ಹಳೆಯ ಪಂಚೆ ಡಿಕ್ಕಿಯಲ್ಲಿರಲಿ. ಅಪ್ಪಯ್ಯನನ್ನು ಹಿಂದೆ ಕೂರಿಸಬೇಡಿ, ಮುಂದೆ ನಿಮ್ಮ ಎಡಕ್ಕೆ ಕೂರಿಸಿ. ಘಟ್ಟ ಹತ್ತುವಾಗ ಅವರು 'ಈಗ' ಎಂದಾಗ ನೀವು ಕ್ಲಚ್ ಒತ್ತಿ. ಗೇರನ್ನು ಅವರೇ ಹಾಕಲಿ.